ಜಂಗಮಕ್ಕೂ ಸ್ಥಾವರ ಬೇಕು

ಕೈಯಲ್ಲಿ ಹಿಡಿದು ತಿರುಗಾಡುವ ದೂರವಾಣಿ ನಮ್ಮ ನಾಡಿಗೆ ಬಂದ ಹೊಸತರಲ್ಲಿ ಅದಕ್ಕೆ ‘ಜಂಗಮವಾಣಿ’ ಎಂಬ ಚೆಲುವಾದ ಹೆಸರೊಂದನ್ನು ನಮ್ಮವರು ಕಟ್ಟಿದರು. ಸ್ಥಾವರ, ಜಂಗಮ ಎಂಬ ಜೋಡಿಪದ ವಚನಕಾರರ ಕಾಲದಿಂದ ಕನ್ನಡದ ಕಿವಿಗೆ ಹತ್ತಿರವಾದದ್ದು. ನಿಂತದ್ದು ಸ್ಥಾವರ, ನಡೆದಾಡುವುದು ಜಂಗಮ. ಹೆಸರು ಚೆನ್ನಾಗಿತ್ತು, ಆದರೂ ಜನ ‘ಮೊಬೈಲ್’ ಎಂದೇ ಕರೆದರು. ಅದಿರಲಿ. ಈ ಜಂಗಮದ ಒಂದು ಗುಟ್ಟನ್ನು ನಾವು ಬಹಳ ಮಂದಿ ಯೋಚಿಸಿರುವುದಿಲ್ಲ. ಅದು ನಡೆದಾಡುವುದು ನಮ್ಮ ಅಂಗೈಯಿಂದ ಹತ್ತಿರದ ಗೋಪುರದವರೆಗೆ ಮಾತ್ರ. ಅಲ್ಲಿಂದಾಚೆಗೆ ಎಲ್ಲವೂ ಸ್ಥಾವರವೇ: ಕಬ್ಬಿಣದ ಗೋಪುರ, ನೆಲದೊಳಗೆ ಹೂತ ಗಾಜಿನ ಎಳೆ, ವಿದ್ಯುತ್ತಿನ ಕಂಬ, ಬ್ಯಾಟರಿಯ ಪೆಟ್ಟಿಗೆ, ಇವೆಲ್ಲ ನಿಲ್ಲಲು ಬೇಕಾದ ತುಂಡು ಭೂಮಿ. ಸ್ಥಾವರ ಇಲ್ಲದ ಕಡೆ ಈ ಜಂಗಮ ಬರಿಯ ಗಾಜಿನ ಬಿಲ್ಲೆ.

ಈ ಮಾತು ನನಗೆ ಹೊಳೆದದ್ದು ಪುಸ್ತಕದಿಂದಲ್ಲ, ನಾನು ಮಾಡಿದ ಒಂದು ತಪ್ಪಿನಿಂದ. ಅದನ್ನು ಮೊದಲು ಹೇಳಿಬಿಡುತ್ತೇನೆ.

2020ನೆಯ ಇಸವಿ. ಕೊರೋನಾದಿಂದಾಗಿ ಕಾಲೇಜುಗಳು ಮುಚ್ಚಿದ್ದವು. ವೃತ್ತಿಯಿಂದ ಆಗಷ್ಟೇ ವಿಶ್ರಾಂತನಾಗಿದ್ದ ನಾನು ಕಿರಿಯ ಅಧ್ಯಾಪಕ ಮಿತ್ರರೊಬ್ಬರ ಕೋರಿಕೆಯಂತೆ ಪಂಪನ ಕರ್ಣನನ್ನು ಕುರಿತು ಪದವಿ ವಿದ್ಯಾರ್ಥಿಗಳಿಗೆ ಮೊಬೈಲ್ ಮೂಲಕ ನಾಲ್ಕು ಪಾಠ ಮಾಡಲು ಒಪ್ಪಿಕೊಂಡೆ. ತೆರೆಯ ಮೇಲೆ ಮೂವತ್ತು ಚಿಲ್ಲರೆ ಹೆಸರುಗಳು. ಅವುಗಳಲ್ಲಿ ಒಂದು ಹೆಸರು ಮೂಡುವುದು, ಮಾಯವಾಗುವುದು, ಮತ್ತೆ ಮೂಡುವುದು. ಎರಡನೆಯ ದಿನ ನನ್ನ ತಾಳ್ಮೆ ಕೆಟ್ಟಿತು. “ಇರುವುದಾದರೆ ಇರಮ್ಮ, ಹೋಗುವುದಾದರೆ ಹೋಗು. ಹೀಗೆ ಬಾಗಿಲಲ್ಲಿ ಓಡಾಡಬೇಡ” ಎಂದು ಎಲ್ಲರ ಎದುರಿಗೆ ಗದರಿಬಿಟ್ಟೆ.

ಆ ಹುಡುಗಿಯ ಊರು ನಂಜನಗೂಡಿಗೂ ತಿರುಮಕೂಡಲು ನರಸೀಪುರಕ್ಕೂ ನಡುವೆ ಇರುವ ಒಂದು ಸಣ್ಣ ಹಳ್ಳಿ. ಮನೆಯೊಳಗೆ ಸಂಪರ್ಕ ಸಿಗದೆ ಅವಳು ಕೆರೆಯ ಏರಿಯ ಮೇಲೆ ಹೊಂಗೆಮರದಡಿ ಕುಳಿತು ಪಾಠ ಕೇಳುತ್ತಿದ್ದಳೆಂದೂ, ಫೋನು ಅವಳ ಅಣ್ಣನದೆಂದೂ, ಅವನು ಕಾರ್ಖಾನೆಯ ಪಾಳಿಗೆ ಹೊರಡುವ ಹೊತ್ತಿಗೆ ಅದನ್ನು ಹಿಂದಿರುಗಿಸಬೇಕಿತ್ತೆಂದೂ ಆಮೇಲೆ ಮಿತ್ರರಿಂದ ತಿಳಿಯಿತು. ಪಾಠವೆಲ್ಲ ತುಂಡುತುಂಡಾಗಿ ಕೇಳಿಸುತ್ತಿತ್ತಂತೆ. ತುಂಡಾಗದೆ ಪೂರ್ತಿ ತಲುಪಿದ್ದು ನನ್ನ ಗದರಿಕೆ ಒಂದೇ.

ಅವಳು ಕುಳಿತಿದ್ದ ಏರಿಯಿಂದ ನೋಡಿದರೆ ದೂರದ ಹೆದ್ದಾರಿಯ ಪಕ್ಕದಲ್ಲಿ ಗೋಪುರ ಕಣ್ಣಿಗೆ ಕಾಣುತ್ತದೆ. ಕಣ್ಣಿಗೆ ಕಾಣುವ ಗೋಪುರ ಕಿವಿಗೆ ಏಕೆ ನಿಲುಕದು? ಈ ಪ್ರಶ್ನೆಯನ್ನು ಹಿಡಿದುಕೊಂಡು ನಾನು ಬಲ್ಲವರನ್ನು ಕೇಳಿದೆ, ಓದಿದೆ. ಕಾವ್ಯ ಓದಿಸಿ ಬದುಕಿದವನಿಗೆ ದಕ್ಕಿದಷ್ಟನ್ನು ನಿಮ್ಮ ಮುಂದಿಡುತ್ತೇನೆ.

ಈ ಭಾಷಣ ನಿಮ್ಮನ್ನು ತಲುಪುತ್ತಿರುವ ಬಗೆಯಿಂದಲೇ ಆರಂಭಿಸೋಣ. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ 30 ವ್ಯಾಟಿನ ಒಂದು ಪುಟ್ಟ ಪ್ರೇಷಕಯಂತ್ರವನ್ನಿಟ್ಟು ಬಾನುಲಿ ಕೇಂದ್ರ ತೆರೆದರು. ‘ಆಕಾಶವಾಣಿ’ ಎಂಬ ಹೆಸರನ್ನು ಮುಂದೆ ಇಡೀ ದೇಶವೇ ಪಡೆದುಕೊಂಡದ್ದು ಅಲ್ಲಿಂದ. ಬಾನುಲಿಯ ಸೊಗಸು ಏನೆಂದರೆ, ಅಲ್ಲಿ ಒಬ್ಬರು ಮಾತನಾಡುತ್ತಾರೆ, ಉಳಿದವರೆಲ್ಲ ಕೇಳುತ್ತಾರೆ. ಹತ್ತು ಮನೆಯವರು ಕೇಳಲಿ, ಹತ್ತು ಸಾವಿರ ಮನೆಯವರು ಕೇಳಲಿ, ಒಬ್ಬರ ಪಾಲನ್ನು ಇನ್ನೊಬ್ಬರು ಕಸಿದುಕೊಳ್ಳುವುದಿಲ್ಲ. ಬೆಳುದಿಂಗಳನ್ನು ಎಷ್ಟು ಜನ ನೋಡಿದರೂ ಅದು ಸವೆಯದಷ್ಟೆ.

ಮೊಬೈಲಿನ ನ್ಯಾಯವೇ ಬೇರೆ. ಅದು ಎರಡು ಕಡೆಯ ಮಾತು. ಗೋಪುರ ಹತ್ತಾರು ವ್ಯಾಟುಗಳ ಬಲದಿಂದ ಕೂಗಬಲ್ಲುದು. ನಮ್ಮ ಅಂಗೈಯಲ್ಲಿರುವ ಫೋನಿನ ದನಿಗೆ ಸಾಮಾನ್ಯವಾಗಿ ವ್ಯಾಟಿನ ಐದರಲ್ಲೊಂದು ಪಾಲಿನಷ್ಟು ಬಲ. ಆದ್ದರಿಂದ ಗೋಪುರದ ಕೂಗು ನಮಗೆ ಕೇಳಿಸುವಷ್ಟು ದೂರದಿಂದ ನಮ್ಮ ಓಗೊಡುವಿಕೆ ಗೋಪುರಕ್ಕೆ ಕೇಳಿಸುವುದಿಲ್ಲ. ಫೋನಿನ ಮೂಲೆಯಲ್ಲಿ ಒಂದೆರಡು ಗೀಟುಗಳು ಮೂಡಿದ್ದರೂ ಮಾತು ಸಾಗದಿರುವುದಕ್ಕೆ ಇದೊಂದು ಕಾರಣ. ಕರೆದದ್ದು ಕೇಳಿಸಿತು, ಉತ್ತರ ಮಾತ್ರ ದಾರಿಯಲ್ಲಿ ಬಿದ್ದುಹೋಯಿತು.

ಇನ್ನು ಅಲೆಯ ಗುಣ. ನಂಜನಗೂಡಿನ ದೊಡ್ಡಜಾತ್ರೆಯಲ್ಲಿ ತೇರು ಎಳೆಯುವಾಗ ನಗಾರಿಯ ಸದ್ದು ಹೊಳೆಯಾಚೆಗೂ ಕೇಳುತ್ತದೆ. ತಾಳದ ಕಿಣಿಕಿಣಿ ಬೀದಿಯ ತಿರುವಿನಲ್ಲೇ ಅಡಗುತ್ತದೆ. ರೇಡಿಯೋ ಅಲೆಗಳಲ್ಲಿಯೂ ಹೆಚ್ಚುಕಡಿಮೆ ಹೀಗೆಯೇ. ಉದ್ದನೆಯ ಅಲೆ ದೂರ ಹೋಗುತ್ತದೆ, ಅಡ್ಡ ಬಂದ ಗೋಡೆಯನ್ನೂ ಗುಡ್ಡವನ್ನೂ ಅಷ್ಟಿಷ್ಟು ಬಳಸಿಕೊಂಡು ನುಗ್ಗುತ್ತದೆ. ಮೋಟು ಅಲೆಗೆ ಆ ಶಕ್ತಿ ಇಲ್ಲ. ಮೈಸೂರು ಆಕಾಶವಾಣಿಯ 100.6 ಮೆಗಾಹರ್ಟ್ಸ್ ಅಲೆ ಸುಮಾರು ಮೂರು ಮೀಟರ್ ಉದ್ದ. ಮೊಬೈಲಿನ 700 ಮೆಗಾಹರ್ಟ್ಸ್ ಅಲೆ ಒಂದು ಮೊಳಕ್ಕೆ ಹತ್ತಿರ. ಇತ್ತೀಚಿನ ಐದನೆಯ ತಲೆಮಾರಿನ ಸೇವೆಗೆ ಹೆಚ್ಚಾಗಿ ಬಳಸುವ 3300 ಮೆಗಾಹರ್ಟ್ಸಿನ ಅಲೆ ಅಂಗೈಯ ಅಗಲದಷ್ಟು. ಮೇಲಿನ ಪಟ್ಟಿಗಳಲ್ಲಿ ಜಾಗ ಧಾರಾಳವಾಗಿರುವುದರಿಂದ ಹೊರೆ ಹೆಚ್ಚು ಹೊರಬಹುದು. ಆದರೆ ಆ ಅಲೆಗಳು ದೂರ ನಡೆಯಲಾರವು. ನೀರು ತುಂಬಿದ ಎಲೆಗಳೂ ಅವನ್ನು ಹೀರಿಕೊಳ್ಳುತ್ತವೆ. ರಸಬಾಳೆಗೆ ಹೆಸರಾದ ಸೀಮೆಯಲ್ಲಿ, ತೆಂಗಿನ ತೋಟಗಳ ನಡುವೆ ಮನೆ ಕಟ್ಟಿಕೊಂಡವರಿಗೆ ಇದು ಅನುಭವದ ಮಾತು. ಬಂಡೀಪುರದ ಕಾಡಿಗೆ ತಾಗಿದ ಹೆಡಿಯಾಲದ ಕಡೆಗೆ ಹೋದರೆ ನೆಲದ ಏರಿಳಿತವೂ ಸೇರುತ್ತದೆ. ಕಾಡಿನ ಸರಹದ್ದಿನಲ್ಲಿ ಗುಂಡಿ ತೋಡಲು, ಕಂಬ ನೆಡಲು ಅಪ್ಪಣೆಯೂ ಬೇಕು, ಅದು ಬೇಕಾದದ್ದೇ.

ದೂರ ನಡೆಯುವ ಅಲೆ ಹಳ್ಳಿಗೆ ಹೇಳಿ ಮಾಡಿಸಿದ್ದು ಎಂದಮೇಲೆ ಅದನ್ನೇ ಮೊದಲು ಬಳಸಬೇಕಿತ್ತಲ್ಲ ಎಂದು ನೀವು ಕೇಳಬಹುದು. ಅಲೆಗಳ ಹಕ್ಕನ್ನು ನಮ್ಮಲ್ಲಿ ಸರ್ಕಾರ ಹರಾಜು ಹಾಕುತ್ತದೆ. 2010ರ ಮೂರನೆಯ ತಲೆಮಾರಿನ ಹರಾಜಿನಿಂದ ಬೊಕ್ಕಸಕ್ಕೆ ಬಂದದ್ದು 67,000 ಕೋಟಿ ರೂಪಾಯಿಗೂ ಹೆಚ್ಚು. 700 ಮೆಗಾಹರ್ಟ್ಸಿನ ಪಟ್ಟಿಯನ್ನು 2016ರಲ್ಲಿ ಹರಾಜಿಗಿಟ್ಟಾಗ ಬೆಲೆ ದುಬಾರಿಯೆಂದು ಯಾರೂ ಕೊಳ್ಳಲಿಲ್ಲ. 2021ರಲ್ಲಿಯೂ ಕೊಳ್ಳಲಿಲ್ಲ. 2022ರಲ್ಲಿ ಬೆಲೆ ಇಳಿಸಿದ ಮೇಲೆ ಒಂದು ಕಂಪನಿ ಕೊಂಡಿತು. ಅಷ್ಟು ವರ್ಷ ಹಳ್ಳಿಗೆ ಒದಗಬಹುದಾಗಿದ್ದ ಅಲೆ ಯಾರಿಗೂ ಒದಗದೆ ಆಕಾಶದಲ್ಲಿ ಬೀಳುಬಿದ್ದಿತ್ತು.

ಇಷ್ಟೆಲ್ಲ ಆದರೂ ಅಲೆ ಎಂಬುದು ಕೊನೆಯ ಹೆಜ್ಜೆ ಮಾತ್ರ. ಗೋಪುರಕ್ಕೆ ಸುದ್ದಿಯನ್ನು ತಂದು ಸುರಿಯುವವರು ಯಾರು? ಇದನ್ನು ನಾನು ನಮ್ಮ ಸೀಮೆಯ ನಾಲೆಗಳ ಹೋಲಿಕೆಯಿಂದ ಅರ್ಥಮಾಡಿಕೊಂಡೆ. ಕಬಿನಿ ಬಲದಂಡೆ ನಾಲೆಯ ತೂಬು ಎಷ್ಟೇ ಅಗಲವಾಗಿರಲಿ, ನಾಲೆಯಲ್ಲಿ ನೀರಿಲ್ಲದಿದ್ದರೆ ಗದ್ದೆಗೆ ಬರುವುದೇನು? ಗೋಪುರ ತೂಬಿನ ಹಾಗೆ. ಅದರ ಹಿಂದಿನ ನಾಲೆ ಎಂದರೆ ಕೂದಲೆಳೆಯಷ್ಟು ಸಣ್ಣನೆಯ ಗಾಜಿನ ತಂತಿಯಲ್ಲಿ ಬೆಳಕಾಗಿ ಹರಿಯುವ ಸುದ್ದಿ. ಆಪ್ಟಿಕಲ್ ಫೈಬರ್ ಎನ್ನುತ್ತಾರೆ. ಎಷ್ಟೋ ಹಳ್ಳಿಯ ಗೋಪುರಗಳಿಗೆ ಈ ತಂತಿ ತಲುಪಿಲ್ಲ. ಒಂದು ಗೋಪುರದಿಂದ ಇನ್ನೊಂದಕ್ಕೆ ಅಲೆಯ ಮೂಲಕವೇ ಸುದ್ದಿಯನ್ನು ದಾಟಿಸುತ್ತಾರೆ. ಅದು ಏತದಲ್ಲಿ ನೀರು ಮೊಗೆದ ಹಾಗೆ, ಮೊಗೆಯುವುದಕ್ಕೆ ಒಂದು ಮಿತಿಯಿದೆ. ಇರುವ ತಂತಿಯಾದರೂ ಉಳಿಯುತ್ತದೆಯೆ? ರಸ್ತೆ ಅಗಲಿಸುವವರ, ಕುಡಿಯುವ ನೀರಿನ ಕೊಳವೆ ಹೂಳುವವರ ಜೆಸಿಬಿಯ ಹಲ್ಲಿಗೆ ಅದು ಪದೇಪದೇ ಸಿಕ್ಕುತ್ತದೆ.

ನಾಲೆಯ ಕೊನೆಯ ಭಾಗದ ರೈತನ ಗೋಳು ನಿಮಗೆ ಗೊತ್ತು. ಮೇಲಿನವರು ಕಬ್ಬಿಗೂ ಭತ್ತಕ್ಕೂ ನೀರು ಕಟ್ಟಿಕೊಂಡ ಮೇಲೆ ಉಳಿದದ್ದು ಅವನಿಗೆ. ಒಂದು ಗೋಪುರದ ವ್ಯಾಪ್ತಿಯಲ್ಲಿಯೂ ಹಾಗೆಯೇ. ಇರುವ ಹರಿವನ್ನು ಎಲ್ಲರೂ ಹಂಚಿಕೊಳ್ಳಬೇಕು. ಸಂಜೆ ಏಳರಿಂದ ಹತ್ತರವರೆಗೆ ಊರಿಗೆ ಊರೇ ಸಿನಿಮಾ ನೋಡಲು ಕುಳಿತರೆ ಅಂಚಿನಲ್ಲಿರುವವನ ಪಾಲು ಬತ್ತುತ್ತದೆ. ದೊಡ್ಡಜಾತ್ರೆಯ ದಿನ ದೇವಸ್ಥಾನದ ಮುಂದೆ ನಿಂತು ನೋಡಿ: ಫೋನಿನಲ್ಲಿ ಗೀಟುಗಳೆಲ್ಲ ತುಂಬಿರುತ್ತವೆ, ಕರೆ ಮಾತ್ರ ಹೋಗದು. ಅಲ್ಲಿ ಕೊರತೆ ಅಲೆಯದಲ್ಲ, ಪಾಲಿನದು. 1989ರಲ್ಲಿ ಆರಂಭವಾದ ತಿರುಮಕೂಡಲಿನ ಕುಂಭಮೇಳ 2025ರ ಫೆಬ್ರವರಿಯಲ್ಲಿಯೂ ನಡೆಯಿತು. ಇಂಥ ಮೇಳಗಳಿಗೆ ಚಕ್ರದ ಮೇಲಿನ ತಾತ್ಕಾಲಿಕ ಗೋಪುರಗಳನ್ನು ತಂದು ನಿಲ್ಲಿಸುವ ಪದ್ಧತಿಯುಂಟು. ಮೂರು ದಿನದ ಜಾತ್ರೆಗೆ ಬರುವ ಗೋಪುರ ವರ್ಷವಿಡೀ ಅಲ್ಲಿ ಬಾಳುವವರ ಹಳ್ಳಿಗೆ ಏಕೆ ಬರುವುದಿಲ್ಲ?

ಇದಕ್ಕೆ ಉತ್ತರ ವಿಜ್ಞಾನದಲ್ಲಿಲ್ಲ, ಲೆಕ್ಕದ ಪುಸ್ತಕದಲ್ಲಿದೆ. ಮೈಸೂರಿನ ಒಂದು ಬಡಾವಣೆಯಲ್ಲಿ ನಿಲ್ಲಿಸಿದ ಗೋಪುರಕ್ಕೂ ಕಾಡಂಚಿನ ಹಳ್ಳಿಯಲ್ಲಿ ನಿಲ್ಲಿಸಿದ ಗೋಪುರಕ್ಕೂ ಖರ್ಚು ಹೆಚ್ಚುಕಡಿಮೆ ಒಂದೇ; ಹಳ್ಳಿಯಲ್ಲಿ ಕರೆಂಟು ಹೋದಾಗಿನ ಡೀಸೆಲ್, ಬ್ಯಾಟರಿ ಸೇರಿ ತುಸು ಹೆಚ್ಚೇ. ಬಡಾವಣೆಯಲ್ಲಿ ಸಾವಿರಾರು ಗಿರಾಕಿಗಳು, ಇಲ್ಲಿ ನೂರಿನ್ನೂರು. ಭಾರತದಲ್ಲಿ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ರಂದು, ಕಲ್ಕತ್ತೆಯಿಂದ ದೆಹಲಿಗೆ. 2016ರ ಸೆಪ್ಟೆಂಬರಿನ ತರುವಾಯ ಕಂಪನಿಗಳ ಪೈಪೋಟಿಯಿಂದ ಒಂದು ಜಿಬಿ ಡೇಟಾಕ್ಕೆ ಇನ್ನೂರು ರೂಪಾಯಿಗೂ ಮೇಲಿದ್ದ ದರ ಹತ್ತು ರೂಪಾಯಿಯ ಆಸುಪಾಸಿಗೆ ಬಂತು. ಇದು ಬಡವನಿಗೆ ಸಂದ ದೊಡ್ಡ ಉಪಕಾರ, ಸಂದೇಹವಿಲ್ಲ. ಆದರೆ ಆ ಪೈಪೋಟಿಯಲ್ಲಿ ಹಲವು ಕಂಪನಿಗಳು ಮುಚ್ಚಿ ಮೂರು ಖಾಸಗಿ ಕಂಪನಿಗಳೂ ಸರ್ಕಾರದ ಬಿಎಸ್‌ಎನ್‌ಎಲ್ಲೂ ಉಳಿದವು. ತೆಳುವಾದ ಲಾಭದಲ್ಲಿ ನಡೆಯುವ ವ್ಯಾಪಾರಿ ತೆಳುವಾದ ಜನವಸತಿಯ ಕಡೆಗೆ ಕೊನೆಯಲ್ಲಿ ನೋಡುತ್ತಾನೆ.

ಇದು ಹೊಸ ಕಥೆಯಲ್ಲ. ತಿರುಮಕೂಡಲನ್ನೂ ತಲಕಾಡನ್ನೂ ಬಳಸಿ ಹರಿದ ಕಾವೇರಿ ಶಿವನಸಮುದ್ರದಲ್ಲಿ ಧುಮುಕುತ್ತಾಳೆ. ಅಲ್ಲಿ 1902ರಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಹೋದದ್ದು ಎಲ್ಲಿಗೆ? ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿಗೆ, 1908ರಲ್ಲಿ ಮೈಸೂರಿಗೆ. ನದಿಯ ದಡದ ಹಳ್ಳಿಗಳಲ್ಲಿ ಎಣ್ಣೆಯ ದೀಪ ಅದಾಗಿ ಎಷ್ಟೋ ದಶಕ ಉರಿಯಿತು. ನಂಜನಗೂಡಿಗೆ 1891ರಲ್ಲೇ ರೈಲು ಬಂತು. ತಿರುಮಕೂಡಲು ನರಸೀಪುರಕ್ಕೆ ಇಂದಿಗೂ ಬಂದಿಲ್ಲ. ತಂತಿಯಾಗಲಿ ಕಂಬಿಯಾಗಲಿ ತಾನಾಗಿ ನಡೆದರೆ ಹಣದ ಜಾಡನ್ನೇ ಹಿಡಿಯುತ್ತದೆ. ಜನರ ಜಾಡಿಗೆ ತಿರುಗಿಸಲು ರಾಜ್ಯಶಕ್ತಿ ಬೇಕು.

ಆ ಪ್ರಯತ್ನ ನಡೆದೇ ಇಲ್ಲವೆಂದರೆ ಅನ್ಯಾಯವಾದೀತು. ಲಾಭವಿಲ್ಲದ ಕಡೆಗೂ ಸೇವೆ ಒದಗಿಸಲೆಂದು ಕಂಪನಿಗಳ ವರಮಾನದಿಂದ ನೂರಕ್ಕೆ 5ರಷ್ಟು ತೆಗೆದಿಡುವ ನಿಧಿಯೊಂದು 2002ರಲ್ಲಿ ಹುಟ್ಟಿತು. 2023ರ ದೂರಸಂಪರ್ಕ ಕಾಯಿದೆಯ ಮೇಲೆ ಅದಕ್ಕೆ ‘ಡಿಜಿಟಲ್ ಭಾರತ ನಿಧಿ’ ಎಂಬ ಹೆಸರಾಯಿತು. ಎರಡೂವರೆ ಲಕ್ಷ ಗ್ರಾಮ ಪಂಚಾಯತಿಗಳಿಗೆ ಗಾಜಿನ ತಂತಿ ಎಳೆಯುವ ಯೋಜನೆಗೆ 2011ರಲ್ಲಿ ಒಪ್ಪಿಗೆ ದೊರೆಯಿತು. ಅದೇ ಮುಂದೆ ‘ಭಾರತ್‌ನೆಟ್’ ಆಯಿತು. ಅವಧಿಯ ಮೇಲೆ ಅವಧಿ ಮೀರಿ, 2023ರಲ್ಲಿ ಸುಮಾರು 1.39 ಲಕ್ಷ ಕೋಟಿ ರೂಪಾಯಿಯ ತಿದ್ದಿದ ಯೋಜನೆ ಮಂಜೂರಾಯಿತು. ಸಂಪರ್ಕವೇ ಇಲ್ಲದ 24,680 ಹಳ್ಳಿಗಳಿಗೆ ನಾಲ್ಕನೆಯ ತಲೆಮಾರಿನ ಸೇವೆ ಕೊಡಲು 2022ರಲ್ಲಿ 26,316 ಕೋಟಿ ರೂಪಾಯಿ ಗೊತ್ತುಮಾಡಿದರು. ಹಣವಿಲ್ಲವೆಂಬುದು ಕಾರಣವಲ್ಲ. ಪಂಚಾಯತಿ ಕಛೇರಿಯ ಮೂಲೆಯ ಪೆಟ್ಟಿಗೆಯವರೆಗೆ ಬಂದ ತಂತಿಯನ್ನು ಅಲ್ಲಿಂದ ಶಾಲೆಗೆ, ಆಸ್ಪತ್ರೆಗೆ, ಮನೆಗೆ ಒಯ್ಯುವವರು ಯಾರು, ತುಂಡಾದರೆ ಜೋಡಿಸುವವರು ಯಾರು ಎಂಬ ಚಿಕ್ಕ ಪ್ರಶ್ನೆಗಳಲ್ಲಿ ದೊಡ್ಡ ಯೋಜನೆಗಳು ತೊಡರಿಕೊಳ್ಳುತ್ತವೆ.

ಸಂಪರ್ಕ ಬಂದುಬಿಟ್ಟರೆ ಕೆಲಸ ಮುಗಿಯಿತೆ? ಮುಗಿಯದು. ಮೊಬೈಲ್ ಕಂಪನಿಗಳ ಜಾಗತಿಕ ಒಕ್ಕೂಟವಾದ ಜಿಎಸ್‌ಎಂಎ 2023ರ ಕೊನೆಗೆ ಮಾಡಿದ ಲೆಕ್ಕ ನನ್ನನ್ನು ಬೆರಗುಗೊಳಿಸಿತು. ಅಂತರ್ಜಾಲದ ಅಲೆಯೇ ತಲುಪದ ಕಡೆ ಇರುವವರು ಲೋಕದಲ್ಲಿ ನೂರಕ್ಕೆ ಸುಮಾರು 4 ಮಂದಿ. ಅಲೆಯೊಳಗೆ ಇದ್ದೂ ಬಳಸದವರು ಸುಮಾರು 39 ಮಂದಿ! ಬಾವಿಯ ಕಟ್ಟೆಯ ಮೇಲೆ ಕುಳಿತು ಬಾಯಾರಿದವರು ಇವರು. ಹಗ್ಗ ಬೇಕಲ್ಲ? ತೆರೆಯ ಫೋನಿನ ಬೆಲೆ ಕೂಲಿಯವನ ಹಲವು ವಾರಗಳ ದುಡಿಮೆ. ಮನೆಗೊಂದು ಫೋನು ಬಂದರೆ ಅದು ಗಂಡಸಿನ ಜೇಬಿಗೆ ಹೋಗುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಒಮ್ಮೆಯಾದರೂ ಅಂತರ್ಜಾಲ ಬಳಸಿದ ಗಂಡಸರು ದೇಶದಲ್ಲಿ ನೂರಕ್ಕೆ 57, ಹೆಂಗಸರು 33. ಹಳ್ಳಿಯ ಹೆಂಗಸರು 25. ಕೆರೆಯ ಏರಿಯ ಹುಡುಗಿ ಅಣ್ಣನ ಫೋನಿಗಾಗಿ ಕಾದದ್ದು ಅವಳೊಬ್ಬಳ ಕಥೆಯಲ್ಲ.

ಮತ್ತೆ ಭಾಷೆ. ಯೂನಿಕೋಡ್ ಎಂಬ ಜಗತ್ತಿನ ಲಿಪಿವ್ಯವಸ್ಥೆಯಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತು. ಕೆ. ಪಿ. ರಾವ್ ಅವರಂಥವರ ಶ್ರಮದಿಂದ ಕನ್ನಡದ ಕೀಲಿಮಣೆ ಸುಲಭವಾಯಿತು. ಆದರೂ ಬ್ಯಾಂಕಿನಿಂದ ಬರುವ ಗುಟ್ಟಿನ ಸಂಖ್ಯೆ, ‘ಇದನ್ನು ಯಾರಿಗೂ ಹೇಳಬೇಡಿ’ ಎಂಬ ಎಚ್ಚರಿಕೆ, ಇವು ನಮ್ಮವರ ಫೋನಿಗೆ ಬಹುಪಾಲು ಇಂಗ್ಲಿಷಿನಲ್ಲಿ ಬರುತ್ತವೆ. ಓದಲಾರದ ಎಚ್ಚರಿಕೆ ಎಚ್ಚರಿಕೆಯೆ?

“ಇವೆಲ್ಲ ಸುಖದ ವಸ್ತುಗಳು, ನಿಧಾನವಾಗಿ ಬಂದರೆ ಏನಾಯಿತು?” ಎಂದು ನನ್ನ ವಯಸ್ಸಿನ ಮಿತ್ರರು ಕೇಳುವುದುಂಟು. ಸುಖದ ವಸ್ತುವಾಗಿದ್ದರೆ ನಾನು ಈ ಮಾತೆತ್ತುತ್ತಿರಲಿಲ್ಲ. ಪಡಿತರದ ಅಂಗಡಿಯಲ್ಲಿ ಅಜ್ಜಿ ಬೆರಳೊತ್ತಬೇಕು, ಆ ಬೆರಳಿನ ಗುರುತು ದೂರದ ಗಣಕಕ್ಕೆ ಹೋಗಿ ‘ಹೌದು, ಇವಳೇ’ ಎಂಬ ಉತ್ತರ ಬರಬೇಕು, ಆಗ ಅಕ್ಕಿ. 2023ರ ಜನವರಿಯಿಂದ ಉದ್ಯೋಗ ಖಾತ್ರಿಯ ಕೂಲಿಗಳ ಹಾಜರಿಯನ್ನೂ ಕೆಲಸದ ಜಾಗದಲ್ಲೇ ಮೊಬೈಲಿನಲ್ಲಿ ಚಿತ್ರ ತೆಗೆದು ದಾಖಲಿಸಬೇಕೆಂಬ ನಿಯಮ ಬಂತು. ಪಹಣಿ, ವಿದ್ಯಾರ್ಥಿವೇತನ, ಪಿಂಚಣಿ, ಎಲ್ಲದರ ದಾರಿಯೂ ಈ ಅಲೆಯ ಮೇಲೆಯೇ ಹಾದುಹೋಗಿದೆ. ಅಲೆ ಇಲ್ಲದ ದಿನ ಅಜ್ಜಿ ಅಂಗಡಿಯ ಜಗಲಿಯ ಮೇಲೆ ಕಾಯುತ್ತಾಳೆ. ತಪ್ಪು ಅವಳದಲ್ಲ, ಕಾಯುವುದು ಅವಳ ಪಾಲಿಗೆ. 2018 ಮತ್ತು 2019ರಲ್ಲಿ ಕಪಿಲೆ ಉಕ್ಕಿ ಮಲ್ಲನಮೂಲೆಯ ಬಳಿ ಹೆದ್ದಾರಿಯನ್ನೇ ಮುಳುಗಿಸಿದ್ದನ್ನು ಕಂಡವರಿಗೆ, ಇಂಥ ಹೊತ್ತಿನಲ್ಲಿ ಬ್ಯಾಟರಿ ಬತ್ತಿದ ಗೋಪುರ ಏನರ್ಥ ಕೊಡುತ್ತದೆಂದು ಹೇಳಬೇಕಾಗಿಲ್ಲ. ಅಂತರ್ಜಾಲದ ಲಭ್ಯತೆ ಶಿಕ್ಷಣದ ಹಕ್ಕಿನ ಭಾಗವೆಂದು ಕೇರಳದ ಹೈಕೋರ್ಟು 2019ರಲ್ಲಿ ಹೇಳಿತು, ಹಾಸ್ಟೆಲಿನ ಒಬ್ಬ ವಿದ್ಯಾರ್ಥಿನಿಯ ಮೊಕದ್ದಮೆಯಲ್ಲಿ. ಹಕ್ಕು ಎಂದಮೇಲೆ ಅದನ್ನು ತಲುಪಿಸುವ ಹೊಣೆಯೂ ಯಾರದಾದರೂ ಆಗಬೇಕಷ್ಟೆ.

ಹಾಗಾದರೆ ಮಾಡುವುದೇನು? ನನಗೆ ತೋಚಿದ ಮೂರು ಮಾತು ಹೇಳುತ್ತೇನೆ.

ಮೊದಲನೆಯದು, ಅಳತೆ ಪ್ರಾಮಾಣಿಕವಾಗಿರಲಿ. ಹೆದ್ದಾರಿಯಲ್ಲಿ ನಿಂತು ಅಳೆದರೆ ಎಲ್ಲ ಊರೂ ಸಂಪರ್ಕದ ಊರೇ. ಸೆಕೆಂಡಿಗೆ 512 ಕಿಲೋಬಿಟ್ ಇದ್ದರೆ ಸಾಕು, ಅದೇ ಬ್ರಾಡ್‌ಬ್ಯಾಂಡ್ ಎನ್ನುತ್ತಿದ್ದ ಸರ್ಕಾರ 2023ರಲ್ಲಿ ಅದನ್ನು 2 ಮೆಗಾಬಿಟ್‌ಗೆ ಏರಿಸಿತು. ಕಂಪನಿಗಳು ತಮ್ಮ ವ್ಯಾಪ್ತಿಯ ನಕ್ಷೆಯನ್ನು ಪ್ರಕಟಿಸಬೇಕೆಂಬ ನಿಯಮವೂ 2024ರಲ್ಲಿ ಬಂತು. ಒಳ್ಳೆಯದು. ಆ ನಕ್ಷೆಯನ್ನು ಕೊನೆಯ ಬೀದಿಯ ಮನೆಯೊಳಗೆ ಕುಳಿತು ಗ್ರಾಮಸಭೆಯವರು ಪರೀಕ್ಷಿಸಲಿ.

ಎರಡನೆಯದು, ಹಳೆಯ ಒಂದು ಪಾಠ. ನನ್ನ ಬಾಲ್ಯದಲ್ಲಿ ರೇಡಿಯೋ ಮನೆಮನೆಗೆ ಇರಲಿಲ್ಲ. ಪಂಚಾಯತಿಯ ಕಟ್ಟಡದಲ್ಲಿ ಒಂದಿತ್ತು. ಸಂಜೆ ಜಗಲಿಯ ಮೇಲೆ ಕುಳಿತು ಊರೆಲ್ಲ ಕೇಳುತ್ತಿತ್ತು. ಮನೆಮನೆಗೆ ಸಂಪರ್ಕ ಬರುವವರೆಗೆ ಊರಿಗೊಂದು ಕೂಡುವ ಜಾಗವಾದರೂ ಇರಲಿ. ಕರ್ನಾಟಕದ ಗ್ರಾಮ ಪಂಚಾಯತಿ ಗ್ರಂಥಾಲಯಗಳಿಗೆ ಈಗ ‘ಅರಿವು ಕೇಂದ್ರ’ ಎಂದು ಹೆಸರು. ಪಂಚಾಯತಿಗೆ ಬಂದ ಗಾಜಿನ ತಂತಿ ಅಲ್ಲಿಯವರೆಗೆ ಗಟ್ಟಿಯಾಗಿ ಬಂದು, ಸಂಜೆಯ ಹೊತ್ತೂ ಬಾಗಿಲು ತೆರೆದಿದ್ದರೆ, ಹೆಣ್ಣುಮಕ್ಕಳು ಕೆರೆಯ ಏರಿಯ ಮೇಲೆ ಕೂರಬೇಕಾಗಿಲ್ಲ.

ಮೂರನೆಯದು, ಸಂಪರ್ಕ ಗಟ್ಟಿಯಾಗುವ ತನಕ ಹಳೆಯ ದಫ್ತರವನ್ನು ಸುಡಬೇಡಿ. ಯಂತ್ರ ಮಾತನಾಡದ ದಿನ ರಿಜಿಸ್ಟರಿನಲ್ಲಿ ಹೆಬ್ಬೆಟ್ಟೊತ್ತಿಸಿ ಅಕ್ಕಿ ಕೊಡುವ ಅಧಿಕಾರ ಅಂಗಡಿಯವನಿಗೆ ನಿಜವಾಗಿ ಇರಲಿ. ಹೊಸ ಸೇತುವೆ ಮುಗಿಯುವ ಮೊದಲೇ ಹರಿಗೋಲನ್ನು ಒಡೆಯುವ ಅಂಬಿಗ ಎಲ್ಲಿಯೂ ಇಲ್ಲ.

ಆ ಹುಡುಗಿಯ ಮಾತು ಉಳಿಯಿತು. ಓಡಾಟದ ನಿರ್ಬಂಧಗಳು ಸಡಿಲವಾದ ಮೇಲೆ ಒಂದು ಭಾನುವಾರ ಮಿತ್ರರೊಡನೆ ಅವಳ ಊರಿಗೆ ಹೋದೆ. ಕ್ಷಮೆ ಕೇಳಬೇಕೆಂದು ಹೋದವನು ಮಾತು ಸಿಗದೆ ನಿಂತಾಗ ಅವಳೇ ಒಳಗಿನಿಂದ ನೋಟುಪುಸ್ತಕ ತಂದು ತೋರಿಸಿದಳು. ಕೇಳಿಸಿದಷ್ಟನ್ನು ಬರೆದುಕೊಂಡು, ಕೇಳಿಸದ ಕಡೆಗಳಲ್ಲಿ ಸಾಲುಗಳನ್ನು ಖಾಲಿ ಬಿಟ್ಟಿದ್ದಳು. “ಸಾರ್, ಇಲ್ಲಿ ಕರ್ಣ ಏನು ಹೇಳಿದ ಅನ್ನೋದು ನನಗೆ ಸಿಕ್ಕಲಿಲ್ಲ” ಎಂದಳು. ಆ ದಿನ ಅವರ ಮನೆಯ ಜಗಲಿಯ ಮೇಲೆ ಕುಳಿತು ಆ ಖಾಲಿ ಸಾಲುಗಳನ್ನು ಒಂದೊಂದಾಗಿ ತುಂಬಿಸಿದೆವು. ಎರಡು ಗಂಟೆ ಹಿಡಿಯಿತು.

ಒಬ್ಬಳ ಪುಸ್ತಕವನ್ನು ಹೀಗೆ ಒಬ್ಬ ಮೇಷ್ಟ್ರು ಹೋಗಿ ತುಂಬಿಸಬಹುದು. ಆ ವರ್ಷ ಅಂಥ ಖಾಲಿ ಸಾಲುಗಳು ಉಳಿದ ಪುಸ್ತಕಗಳು ನಾಡಿನಲ್ಲಿ ಎಷ್ಟಿದ್ದವೋ, ಅವುಗಳ ಬಳಿಗೆ ಯಾರೂ ಹೋಗಲಿಲ್ಲ.